ಪದೇ ಪದೇ ಪಂಚರ್: ಕಲಬುರಗಿ ರಸ್ತೆಗಳಿಗೆ ಯಾವ ಟೈರ್ ಛಲೋ? ಬಳಸಿದವರು ಹೇಳಿ

ಸೇಡಂ ರೋಡ್ ಸವಾರ
ರೋಡ್ ಬೈಕ್ ತಗೊಂಡು ಇನ್ನೂ ವರ್ಷ ತುಂಬಿಲ್ಲ. ಜೊತೆಗೆ ಬಂದದ್ದು 700×25 ಟೈರ್, ಅಂದರೆ 25 ಮಿಲಿಮೀಟರ್ ಅಗಲದ್ದು. ಬೆಳಿಗ್ಗೆ ಏರ್‌ಪೋರ್ಟ್ ದಾಟಿ ಮಳಖೇಡ ಕಡೆ ಹೋಗ್ತೀನಿ. ಹಿಂದಿನ ಚಕ್ರವೇ ಪಂಚರ್ ಆಗುತ್ತೆ. ಟ್ಯೂಬ್ ಬದಲಿಸಿ ಹತ್ತು ನಿಮಿಷ ತುಳಿಯೋದರೊಳಗೆ ಮತ್ತೆ ಗಾಳಿ ಖಾಲಿ. ನನ್ನ ತೂಕ 82 ಕಿಲೋ, ಗಾಳಿ 100 ಪಿಎಸ್ಐ. ಫ್ರೇಮ್‌ನಲ್ಲಿ 30ರವರೆಗೆ ಜಾಗ ಇದೆ, ರಿಮ್ ಟ್ಯೂಬ್‌ಲೆಸ್‌ಗೂ ಆಗುತ್ತೆ. ಎರಡು ಟೈರ್ ಸೇರಿ 7,000 ರೂಪಾಯಿ ಹಾಕಬಲ್ಲೆ. ಪಂಚರ್ ತಡೆಯೋಕೆ ಕಾಂಟಿನೆಂಟಲ್‌ನ ಗೇಟರ್‌ಸ್ಕಿನ್ ಟೈರ್ ಸಾಕಾ, ಟ್ಯೂಬ್‌ಲೆಸ್‌ಗೇ ಹೋಗಲಾ?

ಆಳಂದ ನಾಕಾ
ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಹಾಕಿಸಿ. ನಾನು ಕೆಲಸಕ್ಕೆ ಸೈಕಲ್ ಮೇಲೆ ಕಡಗಂಚಿವರೆಗೆ ಹೋಗಿಬರೋನು. ಆ ರಸ್ತೆಯ ಬದಿಯ ಜಾಲಿ ನೋಡಿದವರಿಗೆ ನಾನು ಹೇಳೋದು ಗೊತ್ತಾಗುತ್ತೆ. ಉರುವಲಿಗೆ ಅಂತ ಬಳ್ಳಾರಿ ಜಾಲಿ ಕಡಿದು ಟ್ರ್ಯಾಕ್ಟರ್‌ನಲ್ಲಿ ಒಯ್ಯುವಾಗ ಟೊಂಗೆ ನೆಲಕ್ಕೆ ಎಳೀತಾ ಹೋಗುತ್ತೆ. ಹಿಂದೆ ಬರೋ ನಮಗೆ ಮುಳ್ಳು.

ಒಂದು ಟೈರ್ 3,850. ಇಲ್ಲಿ ಯಾವ ಅಂಗಡಿಯಲ್ಲೂ ಇರಲಿಲ್ಲ, ಬೆಂಗಳೂರಿಂದ ತರಿಸಿದೆ, ಕೊರಿಯರ್ 260. ಹಾಕುವಾಗ ಟೈರ್ ಎಬ್ಬಿಸೋ ಎರಡು ಪ್ಲಾಸ್ಟಿಕ್ ಲಿವರ್ ಮುರಿದವು, ಅದು 180. ಒಳಗೆ ಗಟ್ಟಿ ತಂತಿ ಇರೋ ಟೈರ್, ಮಡಚೋಕೆ ಬರಲ್ಲ. ಅರ್ಧ ಗಂಟೆ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟು ಹಾಕಿದ ಮೇಲೆ ಕೂತಿತು. ಆಮೇಲೆ ಏನಾಯ್ತು ಕೇಳಿ. ಮೊನ್ನೆ ಹಿಂದಿನ ಚಕ್ರದಿಂದ ಒಂದು ಜಾಲಿ ಮುಳ್ಳನ್ನು ಇಕ್ಕಳದಿಂದ ಎಳೆದೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಬುಡದಲ್ಲಿ ತೊಗಟೆ ಹಾಗೇ ಅಂಟಿಕೊಂಡಿತ್ತು. ಓರೆಯಾಗಿ ಒಳಗೆ ಹೋಗಿ ರಬ್ಬರ್‌ನಲ್ಲೇ ನಿಂತಿದೆ. ಟ್ಯೂಬ್‌ಗೆ ಗೀರೂ ಇಲ್ಲ. ಟ್ರೆಡ್, ಅಂದರೆ ರಸ್ತೆಗೆ ತಾಗೋ ರಬ್ಬರ್, ಅದರ ಕೆಳಗೆ 5 ಮಿಲಿಮೀಟರ್ ದಪ್ಪದ ಪದರ ಇರೋದು ಅದಕ್ಕೇ. ಭಾರ ಅಂತಾರೆ ಜನ. ಭಾರ ಇದೆ, ನಾನು ತುಳೀತೀನಿ.

ಹುಮನಾಬಾದ್ ರಿಂಗ್ ರೋಡ್
ರೋಡ್ ಬೈಕ್‌ಗೆ ಮ್ಯಾರಥಾನ್ ಪ್ಲಸ್ ಹಾಕೋದಾದ್ರೆ ರೋಡ್ ಬೈಕ್ ಯಾಕೆ ತಗೋಬೇಕು? ಒಂದೊಂದು ಟೈರ್ ಮುಕ್ಕಾಲು ಕಿಲೋ ಹತ್ತಿರ ತೂಗುತ್ತೆ.

ಟ್ಯೂಬ್‌ಲೆಸ್‌ಗೆ ಬನ್ನಿ. ನನ್ನ ಖರ್ಚು ಪೂರ್ತಿ ಹೇಳ್ತೀನಿ, ಯಾರೂ ಹೇಳಲ್ಲ. ಟೈರ್ ಜೋಡಿ 9,400. ವಾಲ್ವ್ 900. ರಿಮ್ ಒಳಗೆ ಸುತ್ತೋ ಟೇಪ್ 650, ಮೊದಲ ಸುತ್ತು ಸೋರಿತು, ಇನ್ನೊಂದು ಟೇಪ್ 650. ಸೀಲಂಟ್, ಅಂದರೆ ಒಳಗಿಂದ ತೂತು ಮುಚ್ಚೋ ದ್ರವ, 1,150. ಸಾದಾ ಪಂಪ್‌ನಲ್ಲಿ ಟೈರ್ ಅಂಚು ಕೂರಲೇ ಇಲ್ಲ, ಕಾರ್ ಟೈರ್ ಅಂಗಡಿಯ ಕಂಪ್ರೆಸರ್‌ಗೆ ಒಯ್ದೆ. ಅಲ್ಲಿನ ಹುಡುಗ ಸಣ್ಣ ಮೂತಿಯ ಪ್ರೆಸ್ಟಾ ವಾಲ್ವ್ ನೋಡಿ ಇದಕ್ಕೆ ಗಾಳಿ ಹೋಗಲ್ಲ ಅಂದ, ಅಡಾಪ್ಟರ್ 80. ಒಟ್ಟು 12,830. ಎಲ್ಲ ನನ್ನ ಜೇಬಿಂದ ಹೋಗಿದ್ದು.

ಅಷ್ಟು ಕೊಟ್ಟದ್ದಕ್ಕೆ ಬೇಜಾರಿಲ್ಲ. ಕಮಲಾಪುರದ ಹತ್ತಿರ ಟೈರ್‌ನಿಂದ ಬಿಳಿ ಹಾಲು ಚಿಮ್ಮಿತು, ಚಕ್ರ ನಾಲ್ಕು ಸುತ್ತು ತಿರುಗೋದರೊಳಗೆ ತೂತು ಮುಚ್ಚಿಕೊಂಡಿತು. ಸೈಕಲ್‌ನಿಂದ ಇಳಿಯಲೇ ಇಲ್ಲ. ತೊಂದರೆ ಇರೋದು ನಮ್ಮ ಬೇಸಿಗೆಯಲ್ಲಿ. ಬಾಟಲಿ ಮೇಲೆ ಆರು ತಿಂಗಳು ಅಂತ ಬರೆದಿರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್‌ನಲ್ಲಿ ಸೈಕಲ್ ಇಟ್ಟರೆ ಅದರ ಅರ್ಧ ಕಾಲವೂ ಬಾಳಲ್ಲ. ಟೈರ್ ಬಿಚ್ಚಿ ನೋಡಿದಾಗ ಒಳಗೆ ರಬ್ಬರ್ ಸಿಪ್ಪೆ ಮಾತ್ರ ಇತ್ತು. ಈಗ ಸೈಕಲ್ ಮನೆಯೊಳಗೆ ಇಡ್ತೀನಿ, ಬೇಸಿಗೆಯಲ್ಲಿ ಬೇಗ ಬೇಗ ಸೀಲಂಟ್ ತುಂಬ್ತೀನಿ.

ಆಳಂದ ನಾಕಾ
12,830 ಖರ್ಚು ಮಾಡಿ, ಬಿಸಿಲಿಗೆ ಹೆದರಿ ಸೈಕಲ್ ಮನೆಯೊಳಗೆ ಇಡೋರು ನನಗೆ ಭಾರದ ಬಗ್ಗೆ ಹೇಳ್ತಾರೆ. ನನ್ನದು ಜೋಡಿಗೆ 8,140, ಮುರಿದ ಲಿವರ್ ಸೇರಿ.

ನೌಬಾದ್ ಬೀದರ್
ಮುಳ್ಳಿನದೇ ಮಾತಾಯ್ತು, ಹಿಡಿತದ ಬಗ್ಗೆ ಯಾರೂ ಹೇಳ್ತಿಲ್ಲ. ನಾನು ಗಟ್ಟಿ ರಬ್ಬರ್‌ನ ಟೈರ್ ಹಾಕಿಸಿದ್ದೆ, ಯಾವ ಕಂಪನಿ ಅಂತ ಹೇಳಲ್ಲ. ಪಂಚರ್ ಆಗಲಿಲ್ಲ, ನಿಜ. ಮೊದಲ ಮಳೆ ಬಿದ್ದ ದಿನ, ರಸ್ತೆ ಮೇಲಿನ ಎಣ್ಣೆ ಎಲ್ಲ ಮೇಲೆ ಬಂದಿತ್ತು. ಹುಮನಾಬಾದ್ ಹೊರಗಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ಎಕ್ಸ್‌ರೇ 600, ಔಷಧ 1,340, ಬ್ರೇಕ್ ಲಿವರ್ 2,700, ಹ್ಯಾಂಡಲ್ ಟೇಪ್ 450. ಎಡ ತೊಡೆ ಮೇಲಿನ ಕಲೆ ಇನ್ನೂ ಹೋಗಿಲ್ಲ.

ಈಗ ಮುಂದೆ ಮೆತ್ತನೆ ರಬ್ಬರ್‌ನ ಟೈರ್, ಕಾಂಟಿನೆಂಟಲ್ ಜಿಪಿ 5000. ಹಿಂದೆ ಗಟ್ಟಿಯದು. ಭಾರ ಹೆಚ್ಚು ಬೀಳೋದು ಹಿಂದಿನ ಚಕ್ರದ ಮೇಲೆ, ಪಂಚರ್ ಜಾಸ್ತಿ ಅಲ್ಲೇ. ಜಾರಿದರೆ ಜೀವಕ್ಕೆ ಬರೋದು ಮುಂದಿನದು. ಎರಡೂ ಒಂದೇ ತರಹದ್ದು ಇರಬೇಕು ಅಂತ ಎಲ್ಲೂ ಇಲ್ಲ.

ಹುಮನಾಬಾದ್ ರಿಂಗ್ ರೋಡ್
ಬೀದರ್ ಕಡೆಯ ಕೆಂಪು ಮಣ್ಣಲ್ಲಿ ಓಡಿಸಿ ನಮಗೆ ಹೇಳಬೇಡಿ ಸರ್. ನಮ್ಮದು ಎರೆ ನೆಲ. ಮಳೆಯಲ್ಲಿ ಟ್ರ್ಯಾಕ್ಟರ್ ಹೊಲದಿಂದ ರಸ್ತೆಗೆ ಏರಿದರೆ ಕಪ್ಪು ಮಣ್ಣಿನ ಹೆಂಟೆ ಉದ್ದಕ್ಕೂ ಬಿದ್ದಿರುತ್ತೆ. ಅದರ ಮೇಲೆ ಯಾವ ರಬ್ಬರೂ ನಿಲ್ಲಲ್ಲ.

ನೌಬಾದ್ ಬೀದರ್
ನಾನು ಬಿದ್ದದ್ದು ಡಾಂಬರಿನ ಮೇಲೆ, ಮಣ್ಣಿನ ಮೇಲಲ್ಲ. ಓದಿ ಉತ್ತರ ಬರೀರಿ.

ಶಹಾಬಾದ್ ಫರಸಿ
ನಮ್ಮಪ್ಪನದು ಪಂಚರ್ ಅಂಗಡಿ, ನಾನೂ ಅಲ್ಲೇ ಕೂತು ಬೆಳೆದವನು. ಎಲ್ಲರ ಲೆಕ್ಕ ಓದಿದೆ. ಪ್ರಶ್ನೆ ಕೇಳಿದವರ ಟೈರ್‌ನಲ್ಲಿ ಇನ್ನೂ ಏನೋ ಸಿಕ್ಕಿಕೊಂಡಿದೆ ಅಂತ ಒಬ್ಬರಿಗೂ ಹೊಳೆಯಲಿಲ್ವಾ? ಟ್ಯೂಬ್ ಬದಲಿಸಿ ಹತ್ತು ನಿಮಿಷಕ್ಕೆ ಗಾಳಿ ಹೋದರೆ ಅದು ಹೊಸ ಮುಳ್ಳಲ್ಲ, ಹಳೆಯದೇ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿ ಎಷ್ಟು ಓಡ್ತವೆ ನೋಡಿದ್ದೀರಲ್ಲ. ಅವುಗಳ ಟೈರ್ ಒಡೆದರೆ ಒಳಗಿನ ಉಕ್ಕಿನ ತಂತಿ ಚೂರಾಗಿ ಬದಿಯಲ್ಲಿ ಬೀಳುತ್ತೆ. ಕೂದಲಿಗಿಂತ ಸ್ವಲ್ಪ ದಪ್ಪ, ಕಣ್ಣಿಗೆ ಕಾಣಲ್ಲ. ಹೊರಗಿಂದ ಸವರಿದರೆ ಬೆರಳಿಗೂ ಸಿಗಲ್ಲ. ಗಾಳಿ ತುಂಬಿ ಭಾರ ಬಿದ್ದಾಗ ಮಾತ್ರ ಒಳಗೆ ತಲೆ ಹಾಕುತ್ತೆ.

ಟ್ಯೂಬ್ ತೆಗೆಯುವ ಮೊದಲು ವಾಲ್ವ್ ಇರೋ ಜಾಗದಲ್ಲಿ ಟೈರ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಟ್ಯೂಬ್‌ನಲ್ಲಿ ತೂತು ವಾಲ್ವ್‌ನಿಂದ ಎಷ್ಟು ದೂರ ಇದೆಯೋ ಟೈರ್‌ನಲ್ಲೂ ಅಷ್ಟೇ ದೂರಕ್ಕೆ ಹುಡುಕಿ. ಒಳಗೆ ಹತ್ತಿಯ ಉಂಡೆ ಓಡಿಸಿದರೆ ಎಳೆ ಸಿಕ್ಕಿಕೊಳ್ಳುತ್ತೆ, ಅಲ್ಲೇ ತಂತಿ. ಬರಿ ಬೆರಳು ಓಡಿಸಬೇಡಿ, ನಮ್ಮಪ್ಪನ ಹೆಬ್ಬೆರಳು ನೋಡಿದರೆ ಯಾಕೆ ಅಂತ ತಿಳಿಯುತ್ತೆ. ಅಕ್ಕಪಕ್ಕ ಎರಡು ತೂತು ಇದ್ದರೆ ಮುಳ್ಳಲ್ಲ, ಗಾಳಿ ಕಡಿಮೆ ಇದ್ದು ತೆಗ್ಗಿಗೆ ಬಿದ್ದಾಗ ರಿಮ್ ಕಚ್ಚಿದ್ದು.

ನಾನು ಓಡಿಸೋದು 750 ರೂಪಾಯಿಯ ಟೈರ್. ಪ್ಯಾಚ್ ಡಬ್ಬಿ 60 ರೂಪಾಯಿ. ಸಲೂಷನ್ ಹಚ್ಚಿ ಒಣಗೋಕೆ ಬಿಡದೆ ಒದ್ದೆ ಮೇಲೇ ಪ್ಯಾಚ್ ಒತ್ತಿಬಿಡ್ತಾರೆ ಜನ, ಆಮೇಲೆ ಪಂಚರ್ ಅಂಗಡಿಯವ ಸರಿ ಇಲ್ಲ ಅಂತಾರೆ. ಹುಮನಾಬಾದ್ ಅಣ್ಣ ಹೇಳಿದ ಆ ಹುಡುಗನಿಗೆ ಪ್ರೆಸ್ಟಾ ಗೊತ್ತಿರಲಿಲ್ಲ ಅಂದರೆ ಅದು ಅವನ ತಪ್ಪಲ್ಲ. ನಿಮ್ಮ ವಾಲ್ವ್ ಅವನ ಅಂಗಡಿಗೆ ವರ್ಷಕ್ಕೆ ಒಮ್ಮೆ ಬರುತ್ತೋ ಇಲ್ಲವೋ.

ಹುಮನಾಬಾದ್ ರಿಂಗ್ ರೋಡ್
ನಾನು ಆ ಹುಡುಗನನ್ನು ಬೈದಿಲ್ಲ, ನಡೆದದ್ದು ಹೇಳಿದೆ. ಖರ್ಚಿನ ಲೆಕ್ಕದಲ್ಲಿ ಅಡಾಪ್ಟರ್ ಬಂತು, ಅಷ್ಟೇ. ಸುಮ್ನೆ ಜಗಳ ತೆಗೀಬೇಡ ತಮ್ಮಾ.

ಶಹಾಬಾದ್ ಫರಸಿ
ಓದೋರಿಗೆ ಬೈದ ಹಾಗೇ ಇದೆ ಅಣ್ಣಾ. ಬಿಸಿಲಲ್ಲಿ ನೆಲದ ಮೇಲೆ ಕೂತು ಟೈರ್ ಬಿಚ್ಚೋ ಕೆಲಸ ಅದು.

ಯಾದಗಿರಿ ಟೀಚರ್
ನೀವು ಜಗಳ ಮುಗಿಸಿದರೆ ಗಾಳಿಯ ವಿಷಯ ಹೇಳ್ತೀನಿ. 82 ಕಿಲೋಗೆ 25ರ ಟೈರ್‌ನಲ್ಲಿ 100 ಪಿಎಸ್ಐ ಹಾಕಿದರೆ ತಂತಿ, ಮುಳ್ಳು ಎಲ್ಲ ನೇರವಾಗಿ ಒಳಗೆ ಹೋಗುತ್ತೆ, ಟೈರ್ ಬಗ್ಗೋದೇ ಇಲ್ಲ. 28ಕ್ಕೆ ಬನ್ನಿ. ನಾನು ಶಾಲೆಗೆ ಹೋಗಿಬರೋದು 28ರಲ್ಲಿ, ಹಿಂದೆ 75, ಮುಂದೆ 70. ಗೇಟರ್‌ಸ್ಕಿನ್ ಹಿಂದಿನ ಚಕ್ರಕ್ಕೆ ಹಾಕಿದ್ದೀನಿ, ಪಕ್ಕದ ಗೋಡೆ ಗಟ್ಟಿ ಇದೆ. ಭೀಮಾ ಸೇತುವೆ ಕಡೆ ಜಲ್ಲಿ ಚೂರುಗಳಿಗೆ ಹಳೆಯ ಟೈರ್‌ನ ಪಕ್ಕವೇ ಸೀಳಿತ್ತು. ಆಗ ಒಳಗೆ ಹಾಲಿನ ಪ್ಯಾಕೆಟ್ ಮಡಚಿ ಇಟ್ಟು ಊರು ಸೇರಿದೆ. ಇದಕ್ಕೆ ಹಾಗೆ ಆಗಿಲ್ಲ.

ನನಗೆ ಹಣ ಹೋದದ್ದು ಬೇರೆ ಕಡೆ. ಹಗುರ ಅಂತ ಟಿಪಿಯು ಅನ್ನೋ ತೆಳು ಪ್ಲಾಸ್ಟಿಕ್‌ನ ಟ್ಯೂಬ್ ಎರಡು ತಗೊಂಡೆ, ಒಂದಕ್ಕೆ 1,100. ಸಾದಾ ಸಲೂಷನ್ ಅದಕ್ಕೆ ಹಿಡಿಯಲ್ಲ, ಅದರದ್ದೇ ಪ್ಯಾಚ್ ಬೇಕು ಅಂತ ಅಂಗಡಿಯವರು ಮಾರುವಾಗ ಹೇಳಲಿಲ್ಲ. ಒಂದು ಸಣ್ಣ ತೂತಿಗೆ 1,100 ರೂಪಾಯಿ ಕಸಕ್ಕೆ ಹೋಯ್ತು. ಈಗಲೂ ಸಿಟ್ಟು ಬರುತ್ತೆ. ಇನ್ನೊಂದು ಸೀಟಿನ ಕೆಳಗಿನ ಚೀಲದಲ್ಲಿದೆ, ಜಾಗ ಹಿಡಿಯಲ್ಲ ಅಂತ. ಓಡಿಸೋದು ಸಾದಾ ಬ್ಯೂಟೈಲ್ ರಬ್ಬರ್ ಟ್ಯೂಬ್ ಮೇಲೆ.

ಆಳಂದ ನಾಕಾ
ಟೀಚರ್ ಹೇಳಿದ ಗಾಳಿಯ ಮಾತು ಒಪ್ತೀನಿ. ಆದರೆ ಬೇರುಮಟ್ಟದ ಕಾರಣ ಯಾರೂ ಮುಟ್ತಿಲ್ಲ. ಜನವರಿಯಲ್ಲಿ ರಸ್ತೆ ಮೇಲೇ ತೊಗರಿ ಹಾಸ್ತಾರೆ. ಗಾಡಿ ಹಾಯಲಿ, ಕಾಳು ಬೀಳಲಿ ಅಂತ. ರಾಶಿ ಎತ್ತಿಕೊಂಡು ಹೋದ ಮೇಲೆ ಕಟ್ಟಿಗೆಯ ಮೊನೆ, ಸುತ್ತಲೂ ಇಟ್ಟ ಕಲ್ಲು ಎಲ್ಲ ಅಲ್ಲೇ. ಕತ್ತಲಲ್ಲಿ ಆ ಕಲ್ಲಿಗೆ ಹೊಡೆದು ನನ್ನ ರಿಮ್ ಬೆಂಡಾಯ್ತು, ನಾಲ್ಕು ಸ್ಪೋಕ್ ಬದಲಿಸಿ ನೇರ ಮಾಡಿಸೋಕೆ 850.

ತೊಗರಿ ಹೊಲ ಜೇವರ್ಗಿ
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ರೈತರ ಮೇಲೆ ಯಾಕೆ ಹಾಕ್ತೀರಿ ಸರ್? ಕಣ ಮಾಡೋಕೆ ಜಾಗ ಎಲ್ಲಿದೆ? ರಾಶಿ ಮಷೀನ್‌ಗೆ ಚೀಲಕ್ಕೆ ಇಷ್ಟು ಅಂತ ಕೊಡಬೇಕು, ಅದೂ ಪಾಳಿ ಬರೋವರೆಗೆ ಕಾಯಬೇಕು. ನಡುವೆ ಮೋಡ ಆದರೆ ವರ್ಷದ ಬೆಳೆ ಹೋಯ್ತು. ನಾನೂ ಸೈಕಲ್ ಓಡಿಸ್ತೀನಿ, ನನಗೂ ಪಂಚರ್ ಆಗುತ್ತೆ. ತೊಗರಿ ಕಟ್ಟಿಗೆಯಿಂದ ಅಲ್ಲ, ಜಾಲಿಯಿಂದ. ತೊಗರಿ ಕಟ್ಟಿಗೆ ಟೈರ್ ಕೆಳಗೆ ಪುಡಿಯಾಗುತ್ತೆ.

ಆಳಂದ ನಾಕಾ
ಕಲ್ಲು ಪುಡಿಯಾಗಲ್ಲ. ಎತ್ತಿ ಪಕ್ಕಕ್ಕೆ ಇಡೋಕೆ ಎಷ್ಟು ಹೊತ್ತು ಬೇಕು? ಬೈಕ್‌ನವರು ರಾತ್ರಿ ಅದಕ್ಕೆ ಹೊಡೆದು ಬೀಳ್ತಾರೆ.

ತೊಗರಿ ಹೊಲ ಜೇವರ್ಗಿ
ಕಲ್ಲಿನ ಮಾತು ಒಪ್ಪಿದೆ. ನಮ್ಮ ಊರಲ್ಲಿ ನಾವು ತೆಗೀತೀವಿ. ಎಲ್ಲರನ್ನೂ ಒಂದೇ ಬಾಯಲ್ಲಿ ಅನ್ನಬೇಡಿ. ಇನ್ನೊಂದು ಹೇಳ್ತೀನಿ, ಮಳೆಗಾಲ ಮುಗಿದ ಮೇಲೆ ಮಣ್ಣಿನ ಬದಿಗೆ ಇಳಿದು ಸೈಕಲ್ ನಿಲ್ಲಿಸಬೇಡಿ. ನೆಗ್ಗಿನ ಮುಳ್ಳು ಅಲ್ಲೇ ಹರಡಿರುತ್ತೆ. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೆ ಇರುತ್ತೆ. ನೀರು ಕುಡಿಯೋಕೆ ನಿಂತ ಜಾಗದಲ್ಲೇ ಎರಡೂ ಚಕ್ರ ಹೋಗುತ್ತೆ.

ಹುಮನಾಬಾದ್ ರಿಂಗ್ ರೋಡ್
ನೆಗ್ಗಿನ ಮುಳ್ಳಿಗೆ ಸೀಲಂಟ್‌ಗಿಂತ ಒಳ್ಳೆಯದು ಯಾವುದೂ ಇಲ್ಲ. ಸಣ್ಣ ತೂತು ಎಷ್ಟಾದರೂ ಮುಚ್ಚುತ್ತೆ. ಸೇಡಂ ರೋಡ್ ಅವರೇ, ಟ್ಯೂಬ್‌ಲೆಸ್‌ಗೆ ಹೋಗೋದಾದ್ರೆ ಮೊದಲು ರಿಮ್ ಹುಕ್‌ಲೆಸ್ಸಾ, ಅಂದರೆ ಟೈರ್ ಅಂಚು ಹಿಡಿಯೋ ಕೊಕ್ಕೆ ಇಲ್ಲದ್ದಾ ನೋಡಿ. ಆಗಿದ್ದರೆ 72.5 ಪಿಎಸ್ಐ ಮೇಲೆ ಹೋಗಬಾರದು, 25ರ ಟೈರ್ ಹಾಕಲೂಬಾರದು. 100 ಹೊಡೆದರೆ ಟೈರ್ ರಿಮ್ ಬಿಟ್ಟು ಹಾರುತ್ತೆ. ಸೀಲಂಟ್ ಹಾಕಿದ ಟೈರ್‌ಗೆ ಗಾಳಿ ತುಂಬೋ ಸಣ್ಣ ಸಿಒ2 ಸಿಲಿಂಡರ್ ಬೇಡ, ಒಳಗಿನ ಹಾಲು ಗಡ್ಡೆ ಕಟ್ಟುತ್ತೆ. ಕೈ ಪಂಪ್ ಇಟ್ಕೊಳ್ಳಿ.

ಸೇಡಂ ರೋಡ್ ಸವಾರ
ಶಹಾಬಾದ್ ತಮ್ಮಾ, ಹತ್ತಿ ಓಡಿಸಿ ನೋಡಿದೆ. ಎಳೆ ಸಿಕ್ಕಿಕೊಂಡಿತು. ಉಗುರಿನ ಅರ್ಧದಷ್ಟೂ ಇಲ್ಲದ ತಂತಿ, ಟ್ರೆಡ್‌ನ ಮಧ್ಯದಲ್ಲೇ. ಇಕ್ಕಳಕ್ಕೆ ಸಿಗದೆ ಸೂಜಿಯಿಂದ ಒಳಗಿಂದ ಹೊರಗೆ ತಳ್ಳಬೇಕಾಯ್ತು. ರಿಮ್‌ಗೆ ಹುಕ್ ಇದೆ. ಟ್ಯೂಬ್‌ಲೆಸ್ ನನ್ನ ಬಜೆಟ್‌ಗೆ ಬರಲ್ಲ. ಹಿಂದೆ 28ರ ಗೇಟರ್‌ಸ್ಕಿನ್ ಹಾಕ್ತೀನಿ. ಮುಂದೆ ಏನು ಅಂತ ಇನ್ನೂ ಗೊತ್ತಾಗ್ತಿಲ್ಲ.

ನೌಬಾದ್ ಬೀದರ್
ಮುಂದೆ ಮೆತ್ತನೆಯದು. ನನ್ನ ಎಕ್ಸ್‌ರೇ ಬಿಲ್ ಬೇಕಾದರೆ ಕಳಿಸ್ತೀನಿ.

ಆಳಂದ ನಾಕಾ
ಎರಡಕ್ಕೂ ಮ್ಯಾರಥಾನ್ ಪ್ಲಸ್ ಅಂತಲೇ ಈಗಲೂ ನನ್ನ ಮಾತು.

ಯಾದಗಿರಿ ಟೀಚರ್
ಶನಿವಾರ ಹೈದರಾಬಾದ್‌ಗೆ ಹೋಗ್ತಿದ್ದೀನಿ. 28ರ ಬ್ಯೂಟೈಲ್ ಟ್ಯೂಬ್ ತರ್ತೀನಿ, ಕಳೆದ ಸಲ ಒಂದಕ್ಕೆ 380 ಬಿದ್ದಿತ್ತು. ಬೇಕಾದವರು ವಾಲ್ವ್ ಉದ್ದ 48 ಮಿಲಿಮೀಟರಾ, 60 ಮಿಲಿಮೀಟರಾ ಅಂತ ರಿಮ್ ಅಳೆದು ಹೇಳಿ. ತಂದ ಮೇಲೆ ಸಣ್ಣದಾಯ್ತು ಅಂದರೆ ವಾಪಸ್ ತಗೊಳ್ಳಲ್ಲ.

ಶಹಾಬಾದ್ ಫರಸಿ
48ರದ್ದು ನಾಲ್ಕು, ಅಂಗಡಿಗೆ. ದುಡ್ಡು ಮೊದಲೇ ಹಾಕ್ತೀನಿ ಅಕ್ಕಾ. ಪ್ರೆಸ್ಟಾ ಅಡಾಪ್ಟರ್ ಸಿಕ್ಕರೆ ಅದೂ ಎರಡು ತನ್ನಿ.