ಹೆಡ್ ಕೋಚ್, ಶ್ರೇಯಾಂಕ, ತರತಮ: ಫುಟ್‌ಬಾಲ್ ಗುರುಗಳನ್ನು ಹೋಲಿಸಲು ಯಾವ ಪದ?

ಸದಸ್ಯರೆಲ್ಲರಿಗೂ ದಾವಣಗೆರೆಯಿಂದ ನಮಸ್ಕಾರಗಳು.

ವೃತ್ತಿಪರ ಫುಟ್‌ಬಾಲ್ ತಂಡಗಳ ಹೆಡ್ ಕೋಚ್‌ಗಳಲ್ಲಿ ಯಾರು ಮೇಲು, ಯಾರು ಅವರ ನಂತರದವರು ಎಂಬ ಚರ್ಚೆಯನ್ನು ಕನ್ನಡದಲ್ಲಿ ಒಂದು ಲೇಖನವಾಗಿ ಬರೆಯುತ್ತಿದ್ದೇನೆ. ಎರಡು ಪದಗಳ ಬಳಿ ಬರವಣಿಗೆ ನಿಂತಿದೆ. ಒಂದು ಆ ಹುದ್ದೆಯ ಹೆಸರು. ಇನ್ನೊಂದು ಅವರನ್ನು ಮೇಲೆ ಕೆಳಗೆ ಇರಿಸಿ ನೋಡುವ ಕೆಲಸದ ಹೆಸರು. ಹುದ್ದೆಯನ್ನು ನಾವು ಏನೆಂದು ಕರೆಯುತ್ತೇವೋ ಅದಕ್ಕೆ ತಕ್ಕಂತೆ ಆ ವ್ಯಕ್ತಿಯ ಲೆಕ್ಕಕ್ಕೆ ಕೆಲವು ಸಾಧನೆಗಳು ಸೇರುತ್ತವೆ, ಕೆಲವು ಬಿಟ್ಟುಹೋಗುತ್ತವೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಕೇಳುತ್ತಿದ್ದೇನೆ.

ಹುದ್ದೆಗೆ ಮುಖ್ಯ ತರಬೇತುದಾರ, ಮುಖ್ಯ ಕೋಚ್ ಎಂಬ ಎರಡೂ ರೂಪಗಳು ಪತ್ರಿಕೆಗಳಲ್ಲಿ ನೆಲೆನಿಂತಿವೆ, ಅವುಗಳಲ್ಲಿ ನನಗೆ ತಕರಾರಿಲ್ಲ. ತೊಡಕಿರುವುದು ಇಂಗ್ಲೆಂಡಿನವರ ಮ್ಯಾನೇಜರ್ ಎಂಬ ಹೆಸರಿನಲ್ಲಿ. ಕ್ರಿಕೆಟ್ ವರದಿ ಓದಿ ಬೆಳೆದ ನಮಗೆ ತಂಡದ ಮ್ಯಾನೇಜರ್ ಅಥವಾ ವ್ಯವಸ್ಥಾಪಕ ಎಂದರೆ ಪ್ರಯಾಣ, ವಸತಿ, ಪತ್ರವ್ಯವಹಾರ ನೋಡಿಕೊಳ್ಳುವವರು. ಜವಳಿ ಗಿರಣಿಗಳಿಂದ ಹೆಸರಾದ ನಮ್ಮೂರಿನಲ್ಲಿ ಹಿರಿಯರಿಗೆ ಆ ಪದ ಕೇಳಿದರೆ ಮಿಲ್ಲಿನ ಕಚೇರಿಯೇ ಕಣ್ಣಿಗೆ ಬರುತ್ತದೆ. 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಆಗಿದ್ದ ಅಲೆಕ್ಸ್ ಫರ್ಗ್ಯುಸನ್ ಆ ಅರ್ಥದ ವ್ಯವಸ್ಥಾಪಕರಲ್ಲ. ಯಾವ ಆಟಗಾರನನ್ನು ಕೊಳ್ಳಬೇಕು, ಯಾರನ್ನು ಕಳುಹಿಸಬೇಕು, ಎಳೆಯರಲ್ಲಿ ಯಾರನ್ನು ಬೆಳೆಸಬೇಕು ಎಂಬುದರಿಂದ ಹಿಡಿದು ಶನಿವಾರದ ಪಂದ್ಯಕ್ಕೆ ಹನ್ನೊಂದು ಮಂದಿಯನ್ನು ಆರಿಸುವವರೆಗೆ ಅವರ ಮಾತು ನಡೆಯುತ್ತಿತ್ತು. ಯುರೋಪಿನ ಉಳಿದ ದೇಶಗಳ ಬಹುಪಾಲು ಕ್ಲಬ್‌ಗಳಲ್ಲಿ ಆಟಗಾರರ ಖರೀದಿ ಕ್ರೀಡಾ ನಿರ್ದೇಶಕರ ಹೊಣೆ. ಕೋಚ್ ಆದವರು ಕೈಗೆ ಬಂದ ತಂಡವನ್ನು ಪಳಗಿಸಿ ಆಡಿಸುತ್ತಾರೆ. ಈ ಭೇದವನ್ನು ಕ್ಲಬ್‌ಗಳೇ ಗಂಭೀರವಾಗಿ ತೆಗೆದುಕೊಳ್ಳುತ್ತವೆ. ಆರ್ಸೆನಲ್ 2019ರ ಡಿಸೆಂಬರಿನಲ್ಲಿ ಮೈಕೆಲ್ ಆರ್ಟೆಟಾ ಅವರನ್ನು ಹೆಡ್ ಕೋಚ್ ಎಂದು ನೇಮಿಸಿ, ಮರುವರ್ಷದ ಸೆಪ್ಟೆಂಬರಿನಲ್ಲಿ ಹೊಣೆಯನ್ನು ಹೆಚ್ಚಿಸಿ ಮ್ಯಾನೇಜರ್ ಎಂದು ಹೆಸರು ಬದಲಿಸಿತು. ಮ್ಯಾಂಚೆಸ್ಟರ್ ಯುನೈಟೆಡ್ 2024ರಲ್ಲಿ ರೂಬೆನ್ ಅಮೋರಿಮ್ ಅವರನ್ನು ಕರೆತಂದಾಗ ಕೊಟ್ಟದ್ದು ಹೆಡ್ ಕೋಚ್ ಎಂಬ ಪದವಿಯನ್ನು.

ಹೀಗಿರುವಾಗ ಮ್ಯಾನೇಜರ್, ಕೋಚ್ ಇಬ್ಬರನ್ನೂ ತರಬೇತುದಾರ ಎಂಬ ಒಂದೇ ಪದದಡಿ ತಂದು ಹೋಲಿಸಿದರೆ, ಎರಡು ಬೇರೆ ಕೆಲಸಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ. ಅಂಥ ಕಡೆ ಮ್ಯಾನೇಜರ್ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುವುದು ಸರಿ, ವ್ಯವಸ್ಥಾಪಕ ಎಂದು ಮಾತ್ರ ಬರೆಯಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೆಯ ಪದವೇ ಹೆಚ್ಚು ಕಾಡುತ್ತಿರುವುದು. ಶ್ರೇಯಾಂಕ ಎಂಬುದು ಟೆನಿಸ್, ಬ್ಯಾಡ್ಮಿಂಟನ್ ವರದಿಗಳಲ್ಲಿ ಟೂರ್ನಿಯ ಆರಂಭದಲ್ಲಿ ಆಟಗಾರರಿಗೆ ಕೊಡುವ ಕ್ರಮಸಂಖ್ಯೆಗೆ ಬಳಕೆಯಾಗುತ್ತಿದೆ. ವರ್ಷವಿಡೀ ಅಂಕ ಕೂಡಿಸಿ ಮಾಡುವ ಪಟ್ಟಿಗೆ ಅನೇಕರು ರ್‍ಯಾಂಕಿಂಗ್ ಎಂದೇ ಬರೆಯುತ್ತಾರೆ, ಕೆಲವರು ಅದಕ್ಕೂ ಶ್ರೇಯಾಂಕ ಎನ್ನುತ್ತಾರೆ. ಎರಡರಲ್ಲಿಯೂ ಹಿಂದೆ ಒಂದು ಗಣಿತವಿದೆ. ಫಿಫಾ ಪಟ್ಟಿಯನ್ನೇ ನೋಡಿ: 2018ರ ಆಗಸ್ಟಿನಿಂದ ಅದು ಎದುರಾಳಿಯ ಬಲಕ್ಕೆ ಅನುಗುಣವಾಗಿ ಪ್ರತಿ ಪಂದ್ಯದ ನಂತರ ಅಂಕ ಕೂಡಿ ಕಳೆಯುವ ಈಲೊ ಮಾದರಿಯಲ್ಲಿ ಸಾಗುತ್ತಿದೆ. ಆದರೆ ಅದು ದೇಶಗಳ ತಂಡಗಳ ಪಟ್ಟಿ, ಕೋಚ್‌ಗಳದ್ದಲ್ಲ. ಸ್ಟೀಫನ್ ಕಾನ್‌ಸ್ಟಂಟೈನ್ ಕೋಚ್ ಆಗಿದ್ದಾಗ ಭಾರತ 2015ರ ಮಾರ್ಚಿನ 173ನೇ ಸ್ಥಾನದಿಂದ 2017ರ ಜುಲೈಯಲ್ಲಿ 96ಕ್ಕೆ ಏರಿತು; ಏರಿದ್ದು ತಂಡದ ರ್‍ಯಾಂಕಿಂಗ್, ಅದರಲ್ಲಿ ಕೋಚ್ ಅವರ ಪಾಲು ಎಷ್ಟೆಂಬುದು ಆ ಅಂಕಿಯೊಳಗಿಲ್ಲ.

ಕನ್ನಡದ ಕಿವಿಗೆ ಶ್ರೇಯಾಂಕ ಎಂದಾಗ ಅಂಕಕ್ಕಿಂತ ಮೊದಲು ಕೇಳುವುದು ಶ್ರೇಯ. ಗೆಲುವಿನ ಶ್ರೇಯ ಯಾರಿಗೆ ಸಲ್ಲಬೇಕು ಎಂದು ನಾವು ದಿನವೂ ಕೇಳುತ್ತೇವೆ, ಮತ್ತು ಕೋಚ್‌ಗಳ ವಿಷಯದಲ್ಲಿ ಇಡೀ ಜಗಳ ಅದೇ ಆಗಿದೆ. ನಮ್ಮ ಬೆಂಗಳೂರು ಎಫ್‌ಸಿಯ ಉದಾಹರಣೆ ಇದಕ್ಕೆ ಸಾಕು. ಆ್ಯಶ್ಲಿ ವೆಸ್ಟ್‌ವುಡ್ ಕ್ಲಬ್‌ನ ಮೊದಲ ಋತುವಾದ 2013-14ರಲ್ಲಿಯೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದುಕೊಟ್ಟರು, 2015-16ರಲ್ಲಿ ಮತ್ತೊಮ್ಮೆ. ಅವರ ನಂತರ ಬಂದ ಆಲ್ಬರ್ಟ್ ರೋಕಾ ಕಾಲದಲ್ಲಿ, 2016ರಲ್ಲಿ, ತಂಡ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಭಾರತದ ಕ್ಲಬ್ ಒಂದು ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. ಆದರೆ ಅದೇ ಟೂರ್ನಿಯ ಗುಂಪು ಹಂತವನ್ನೂ ನಂತರದ ಸುತ್ತನ್ನೂ ದಾಟಿಸಿದವರು ವೆಸ್ಟ್‌ವುಡ್, ಕ್ವಾರ್ಟರ್‌ಫೈನಲ್‌ನಿಂದ ಮುಂದಕ್ಕೆ ಒಯ್ದವರು ರೋಕಾ. ಆ ಫೈನಲ್‌ನ ಶ್ರೇಯವನ್ನು ಹಂಚುವುದು ಹೇಗೆ? ಅಂಕ ಹಾಕಿ ಹಂಚಲು ಬರುವುದಿಲ್ಲ, ವಾದಿಸಿ ಹಂಚಬೇಕು. ಆದ್ದರಿಂದ ಹಿಂದೆ ಸೂತ್ರವಿಲ್ಲದ, ಅಭಿಪ್ರಾಯದಿಂದ ಹುಟ್ಟಿದ ಪಟ್ಟಿಗೆ ಶ್ರೇಯಾಂಕ ಎಂಬ ಹೆಸರಿಟ್ಟರೆ, ಇಲ್ಲದ ಲೆಕ್ಕಾಚಾರದ ಭಾರವನ್ನು ಅದಕ್ಕೆ ಹೊರಿಸಿದಂತೆ ಎಂದು ನನಗನ್ನಿಸುತ್ತದೆ.

ಎಣಿಸಬಹುದಾದವನ್ನು ಎಣಿಸೋಣ ಎನ್ನುವವರಿಗೂ ಉತ್ತರ ಹೇಳಬೇಕು. ಕಾರ್ಲೊ ಆಂಚೆಲೊಟ್ಟಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಅನ್ನು ಐದು ಬಾರಿ ಗೆದ್ದಿದ್ದಾರೆ, ಮಿಲಾನ್ ಜೊತೆ 2003 ಮತ್ತು 2007ರಲ್ಲಿ, ರಿಯಲ್ ಮ್ಯಾಡ್ರಿಡ್ ಜೊತೆ 2014, 2022 ಮತ್ತು 2024ರಲ್ಲಿ. ಇಷ್ಟು ಬಾರಿ ಗೆದ್ದ ಬೇರೆ ಕೋಚ್ ಇಲ್ಲ. ಲಿವರ್‌ಪೂಲ್‌ನ ಬಾಬ್ ಪೈಸ್ಲಿ ಅದೇ ಟೂರ್ನಿಯನ್ನು, ಯುರೋಪಿಯನ್ ಕಪ್ ಎಂಬ ಅದರ ಹಳೆಯ ಹೆಸರಿನಲ್ಲಿ, ಮೂರು ಬಾರಿ ಗೆದ್ದವರು, 1977, 1978 ಮತ್ತು 1981ರಲ್ಲಿ. ಆದರೆ ಅವರು ಮ್ಯಾನೇಜರ್ ಆಗಿದ್ದುದು ಒಂಬತ್ತೇ ಋತು, ಮತ್ತು ಆಗ ಆ ಕಪ್‌ಗೆ ಪ್ರವೇಶವಿದ್ದುದು ಆಯಾ ದೇಶದ ಲೀಗ್ ಚಾಂಪಿಯನ್ನರಿಗೆ ಹಾಗೂ ಹಿಂದಿನ ವರ್ಷ ಕಪ್ ಗೆದ್ದವರಿಗೆ ಮಾತ್ರ. ಇನ್ನು ಬ್ರಯನ್ ಕ್ಲಫ್: ಎರಡನೇ ದರ್ಜೆಯಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು 1977ರಲ್ಲಿ ಮೇಲಿನ ದರ್ಜೆಗೆ ತಂದು, ಮರುವರ್ಷವೇ ಲೀಗ್ ಗೆದ್ದು, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಎತ್ತಿದರು. ಅದುವರೆಗೆ ದೊಡ್ಡ ಟೂರ್ನಿಗಳಲ್ಲಿ ಒಂದು ಪಂದ್ಯವನ್ನೂ ಗೆಲ್ಲದಿದ್ದ ಗ್ರೀಸ್‌ಗೆ ಆಟೊ ರೆಹಾಗೆಲ್ 2004ರ ಯುರೋ ಕಪ್ ಗೆದ್ದುಕೊಟ್ಟರು. ಇವರೆಲ್ಲರನ್ನೂ ನಾವು ‘ಶ್ರೇಷ್ಠ’ ಎಂಬ ಒಂದೇ ವಿಶೇಷಣದಿಂದ ಮುಗಿಸುತ್ತೇವೆ. ಎಣಿಸಬಹುದಾದ ಗೆಲುವಿಗೆ ‘ಯಶಸ್ವಿ’ ಎಂಬುದನ್ನು, ಇದ್ದುದರಲ್ಲಿ ಬಹಳ ಸಾಧಿಸಿದ್ದಕ್ಕೆ ‘ಸಮರ್ಥ’ ಎಂಬುದನ್ನು ಬಳಸಿ, ಎಲ್ಲವನ್ನೂ ತೂಗಿದ ಕೊನೆಯ ತೀರ್ಮಾನಕ್ಕೆ ಮಾತ್ರ ‘ಶ್ರೇಷ್ಠ’ ಎಂಬುದನ್ನು ಕಾಯ್ದಿಟ್ಟರೆ ಚರ್ಚೆಯ ಅರ್ಧ ಗೊಂದಲ ಕಳೆಯುತ್ತದೆ.

ಇವುಗಳಲ್ಲಿ ಯಾವುದಕ್ಕೂ ಸಿಗದ ಇನ್ನೊಂದು ಅಳತೆ ನಮ್ಮ ಕಡೆಯ ಗರಡಿಮನೆಗಳಲ್ಲಿ ಹಿಂದಿನಿಂದಲೂ ಇದೆ. ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ಪೈಲ್ವಾನನೊಬ್ಬ ಚೆನ್ನಾಗಿ ಆಡಿದರೆ ನೋಡುವವರು ಮೊದಲು ಕೇಳುವುದು, ಇವನು ಯಾವ ಗರಡಿಯವನು, ಉಸ್ತಾದರು ಯಾರು ಎಂದು. ಉಸ್ತಾದರ ಹಿರಿಮೆಯನ್ನು ಅವರ ಶಿಷ್ಯರಲ್ಲಿ ನೋಡುತ್ತಾರೆ. ಆ ಅಳತೆಗೆ ಸೈಯದ್ ಅಬ್ದುಲ್ ರಹೀಮ್ ಅವರಿಗಿಂತ ದೊಡ್ಡ ಹೆಸರು ಭಾರತದಲ್ಲಿ ಇನ್ನೊಂದಿಲ್ಲ. ಹೈದರಾಬಾದಿನ ಈ ಶಾಲಾ ಶಿಕ್ಷಕರ ಕೈಕೆಳಗೆ ಭಾರತ 1951ರ ದೆಹಲಿ ಮತ್ತು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದಾಯಿತು. ಜಕಾರ್ತಾದಲ್ಲಿ ತಲೆಗೆ ಗಾಯವಾಗಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ಮುಂಪಡೆಯಲ್ಲಿ ಆಡಿಸಿದವರು ರಹೀಮ್. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನ ಭಾರತದ ಎರಡು ಗೋಲುಗಳಲ್ಲಿ ಒಂದನ್ನು ಹೊಡೆದವರು ಅದೇ ಜರ್ನೈಲ್. ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿ ಅವರದು, ಮುಂದೆ ತಾವೇ ದೊಡ್ಡ ಕೋಚ್ ಆದವರು. ರಹೀಮರ ಗರಡಿಯಲ್ಲಿ ಪಳಗಿದವರು ಎಂದು ಬರೆದರೆ ಕನ್ನಡ ಓದುಗರಿಗೆ ಅದು ಒಡನೆಯೇ ತಲುಪುತ್ತದೆ. ತರಬೇತುದಾರ ಎಂಬ ಪದಕ್ಕೆ ಆ ಶಕ್ತಿಯಿಲ್ಲ. ವಾಹನ ಚಾಲನೆ, ಹೊಲಿಗೆ, ಕಂಪ್ಯೂಟರ್ ಕಲಿಸುವವರೆಲ್ಲರಿಗೂ ಅದೇ ಪದ ಸಲ್ಲುತ್ತದೆ. (‘ವೃತ್ತಿಪರ’ ಎಂಬ ಗೆರೆ ಎಳೆದರೆ ರಹೀಮ್ ಪಟ್ಟಿಯಿಂದಲೇ ಹೊರಗುಳಿಯುತ್ತಾರೆ. ಆ ಪದವೂ ಈಗ ಸಂಬಳದ ಆಟ ಎಂಬುದಕ್ಕಿಂತ ಅಚ್ಚುಕಟ್ಟು ಎಂಬ ಮೆಚ್ಚುಗೆಯ ಅರ್ಥದತ್ತ ವಾಲುತ್ತಿದೆ.)

ಅಭಿಪ್ರಾಯದ ಪಟ್ಟಿಗೆ ನನಗೆ ಹೊಳೆದಿರುವ ಪದ ‘ತರತಮ’. ಸಂಸ್ಕೃತದ ಹೋಲಿಕೆಯ ಪ್ರತ್ಯಯಗಳಾದ ತರ ಮತ್ತು ತಮ ಎರಡೂ ಅದರಲ್ಲಿಯೇ ಇವೆ. ಒಬ್ಬರಿಗಿಂತ ಒಬ್ಬರು, ಎಲ್ಲರಿಗಿಂತ ಒಬ್ಬರು ಎಂಬ ಮೆಟ್ಟಿಲುಗಳನ್ನು ಅದು ಸಂಖ್ಯೆಯ ಹಂಗಿಲ್ಲದೆ ಹೇಳುತ್ತದೆ. ಮಾಧ್ವ ಗ್ರಂಥಗಳಲ್ಲಿ ತಾರತಮ್ಯವೆಂದರೆ ಕ್ರಮವಾದ ಮೇಲು ಕೆಳಗುಗಳ ಅರಿವು, ಅಲ್ಲಿ ಅದು ದೋಷವಲ್ಲ. ಆದರೆ ಇಂದಿನ ಸುದ್ದಿಗಳಲ್ಲಿ ತಾರತಮ್ಯ ಎಂದರೆ ಅನ್ಯಾಯದ ಭೇದಭಾವ ಎಂದೇ ಆಗಿದೆ, ಅದರ ನೆರಳು ತರತಮದ ಮೇಲೂ ಬಿದ್ದಿದೆ. ‘ಸ್ಥಾನಕ್ರಮ’ ನಿರಪಾಯಕಾರಿ, ಆದರೆ ಸಪ್ಪೆ. ಸರ್ಕಾರಿ ಕಚೇರಿಗಳ ‘ಜ್ಯೇಷ್ಠತಾ ಪಟ್ಟಿ’ ಸೇವಾವಧಿಗೆ ಅಂಟಿಕೊಂಡಿರುವುದರಿಂದ ಇಲ್ಲಿಗೆ ಹೊಂದುವುದಿಲ್ಲ.

ಬಲ್ಲವರು ಎರಡು ವಿಷಯಗಳನ್ನು ತಿಳಿಸಬೇಕೆಂದು ಕೋರುತ್ತೇನೆ. ‘ಕೋಚ್‌ಗಳ ತರತಮ’ ಎಂಬ ಶೀರ್ಷಿಕೆ ಓದಿದಾಗ ನಿಮಗೆ ಮೊದಲು ಹೊಳೆಯುವುದು ಹೋಲಿಕೆಯೋ, ಪಕ್ಷಪಾತದ ಆರೋಪವೋ? ಹಾಗೆಯೇ ಬೆಳಗಾವಿ, ಧಾರವಾಡ, ಮೈಸೂರು, ಮಂಗಳೂರು ಕಡೆಯ ಫುಟ್‌ಬಾಲ್ ಮೈದಾನಗಳಲ್ಲಿ ಆಟ ಕಲಿಸುವವರನ್ನು ಹುಡುಗರು ಕೋಚ್, ಸರ್ ಎಂದಲ್ಲದೆ ಉಸ್ತಾದ, ವಸ್ತಾದ ಎಂದೋ ಬೇರೆ ಯಾವುದಾದರೂ ಹೆಸರಿನಿಂದಲೋ ಕರೆಯುವ ರೂಢಿ ಇದ್ದರೆ, ಊರಿನ ಹೆಸರಿನೊಂದಿಗೆ ದಯವಿಟ್ಟು ಬರೆಯಿರಿ.