ಅಪ್‌ಡೇಟ್: ಬಚ್ಚಲೊಲೆಯ ಬಿಸಿಯಿಂದ ದೀಪ ಉರಿಯುತ್ತಿದೆ

ಮಳೆಗಾಲದಲ್ಲಿ ಕರೆಂಟ್ ಹೋದಾಗ ಬಚ್ಚಲೊಲೆಯ ಬಿಸಿಯಿಂದ ಎಲ್‌ಇಡಿ ಉರಿಸಿ, ಮೊಬೈಲ್ ಚಾರ್ಜ್ ಮಾಡಬಹುದೇ ಎಂದು ಕೇಳಿದ್ದೆ. ದೀಪ ಉರಿಯುತ್ತಿದೆ! ಮೊಬೈಲಿಗೆ ಮಾತ್ರ ಇನ್ನೂ ಸಾಲುತ್ತಿಲ್ಲ.

ತಂಪು ಮಾಡುವ ಪೆಲ್ಟಿಯರ್ ಬಿಲ್ಲೆ ಬೇಡ, ಹಲವದರಲ್ಲಿ ಒಳಗಿನ ಬೆಸುಗೆ 138 ಡಿಗ್ರಿಗೇ ಕರಗುತ್ತದೆ, ಎರಡು ಬದಿಗಳ ಬಿಸಿ-ತಂಪಿನ ವ್ಯತ್ಯಾಸದಿಂದ (ಇದಕ್ಕೇ ಸೀಬೆಕ್ ಪರಿಣಾಮ ಎನ್ನುವುದು) ವಿದ್ಯುತ್ ತೆಗೆಯಲೆಂದೇ ಮಾಡಿದ ಬಿಲ್ಲೆ ತಗೊಳ್ಳಿ ಎಂದವರಿಗೆ ತುಂಬಾ ಥ್ಯಾಂಕ್ಸ್.

ಎರಡು ಬಿಲ್ಲೆಗಳನ್ನು ಸೀರೀಸ್‌ನಲ್ಲಿ ಜೋಡಿಸಿ, ಬಿಸಿ ಚೆನ್ನಾಗಿ ದಾಟಲು ಥರ್ಮಲ್ ಪೇಸ್ಟ್ ಹಚ್ಚಿ ಒಲೆಯ ಪಕ್ಕದ ಕಬ್ಬಿಣದ ತಗಡಿಗೆ ಒತ್ತಿ ಕೂರಿಸಿದೆ. ಇನ್ನೊಂದು ಬದಿಗೆ ಹೀಟ್‌ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ಲೋಹದ ತುಂಡು) ಇಟ್ಟಾಗ ವೋಲ್ಟೇಜ್ ಚೆನ್ನಾಗಿ ಏರಿತು, ಆಮೇಲೆ ಹೀಟ್‌ಸಿಂಕೂ ಕಾದು ಇಳಿಯತೊಡಗಿತು. ಅದರ ಬದಲು ವಾಟರ್ ಬ್ಲಾಕ್ (ಒಳಗೆ ನೀರು ಹರಿಯುವ ಲೋಹದ ಪೆಟ್ಟಿಗೆ) ಹಾಕಿ, ಡ್ರಮ್ಮಿನ ತಣ್ಣೀರನ್ನು ಸಣ್ಣ ಪೈಪಿನಲ್ಲಿ ಹರಿಯಬಿಟ್ಟ ಮೇಲೆ ರೀಡಿಂಗ್ ಅಲ್ಲಾಡದೆ ನಿಂತಿತು. ಬೆಚ್ಚಗಾದ ಆ ನೀರು ನೇರ ಹಂಡೆಗೇ ಬೀಳುತ್ತದೆ, ಹನಿಯೂ ದಂಡವಿಲ್ಲ. ನನಗೆ ಅತಿ ಖುಷಿ ಕೊಟ್ಟಿದ್ದು ಇದೇ.

ಕೊಳ್ಳುವವರಿಗೊಂದು ಮಾತು: 100 ಡಿಗ್ರಿ ವ್ಯತ್ಯಾಸಕ್ಕೆ 4.8 ವೋಲ್ಟ್, 669 ಮಿಲಿಆಂಪಿಯರ್ ಎಂದು ಬರೆದಿದ್ದರೆ ಗುಣಿಸಿ 3.2 ವ್ಯಾಟ್ ಎಂದುಕೊಳ್ಳಬೇಡಿ. ಮೊದಲನೆಯದು ಲೋಡ್ (ದೀಪದಂಥ ವಿದ್ಯುತ್ ಬಳಸುವ ಸಾಧನ) ಇಲ್ಲದಾಗಿನ ವೋಲ್ಟೇಜ್, ಎರಡನೆಯದು ಶಾರ್ಟ್ ಮಾಡಿದಾಗಿನ ಕರೆಂಟ್. ಎರಡೂ ಒಟ್ಟಿಗೆ ಸಿಗುವುದಿಲ್ಲ. ಲೋಡ್ ಹೊಂದಿಕೆಯಾದರೂ ಕೈಗೆ ಬರುವುದು ಅದರ ಕಾಲು ಭಾಗ, ಸುಮಾರು 0.8 ವ್ಯಾಟ್. ಕಡಿಮೆಯೆನಿಸಿದರೂ, 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳಿಗೂ ಪ್ಲುಟೋನಿಯಂ ಬಿಸಿಯಿಂದ ಇದೇ ಸೀಬೆಕ್ ಪರಿಣಾಮವೇ ವಿದ್ಯುತ್ ಕೊಡುತ್ತಿರುವುದು.

ಇನ್ನು ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸುವ ಸರ್ಕ್ಯೂಟ್) ಮೂಲಕ ಒಂದು ಲಿಥಿಯಂ ಸೆಲ್‌ಗೆ ನಿಧಾನವಾಗಿ ತುಂಬಿಸಿ, ಅದರಿಂದ ಮೊಬೈಲ್ ಚಾರ್ಜ್ ಮಾಡಬೇಕೆಂದಿದ್ದೇನೆ. ಎರಡು ವೋಲ್ಟ್ ಆಸುಪಾಸಿನಲ್ಲೇ ಶುರುವಾಗುವ ಸರ್ಕ್ಯೂಟ್ ಬಳಸಿದವರಿದ್ದರೆ ತಿಳಿಸಿ.