ಅಪ್‌ಡೇಟ್: ವಿದೇಶಿ ಕಾನ್ಸುಲೇಟ್ ಸಂಬಳ, ಫಾರಂ 16 ಇಲ್ಲ, ರಿಟರ್ನ್ ಹೇಗೆ?

ಈ ಪ್ರಶ್ನೆ ಹಿಂದೆ ಇಲ್ಲಿ ಕೇಳಿದ್ದು ನಾನೇ. ಚೆನ್ನೈನ ಒಂದು ವಿದೇಶಿ ಕಾನ್ಸುಲೇಟ್‌ನಲ್ಲಿ ಸ್ಥಳೀಯ ಸಿಬ್ಬಂದಿ, ಭಾರತದ ಪ್ರಜೆ, ಸಂಬಳದಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ, ಹಾಗಾಗಿ ಅದರ ಪ್ರಮಾಣಪತ್ರವಾದ ಫಾರಂ 16 ಕೂಡ ಇಲ್ಲ. ತೆರಿಗೆ ಎಲ್ಲಿ ಕಟ್ಟಬೇಕು ಅಂತ ಪ್ರಶ್ನೆ. ರಿಟರ್ನ್ ಸಲ್ಲಿಕೆ ಆಯಿತು, ಪ್ರೊಸೆಸ್ ಕೂಡ ಆಯಿತು.

"ಎರಡು ದೇಶಗಳ ತೆರಿಗೆ ಒಪ್ಪಂದದ ಸರ್ಕಾರಿ ಸೇವೆಯ ವಿಧಿ ಓದಿ" ಅಂದವರಿಗೆ ದೊಡ್ಡ ನಮಸ್ಕಾರ. ಉದಾಹರಣೆಗೆ, ಅಮೆರಿಕ ಜತೆಗಿನ ಒಪ್ಪಂದದಲ್ಲಿ ಅದು 19ನೇ ವಿಧಿ. ಸಂಬಳ ಕೊಡುವ ಸರ್ಕಾರಕ್ಕೇ ತೆರಿಗೆ ಅನ್ನುವುದು ಮೊದಲ ಸಾಲು. ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆನೇನೋ. ಮುಂದೆ ಓದಿದರೆ, ಕೆಲಸ ಇಲ್ಲೇ ನಡೆದು, ನೌಕರ ಇಲ್ಲಿನ ನಿವಾಸಿಯೂ ಪ್ರಜೆಯೂ ಆಗಿದ್ದರೆ ತೆರಿಗೆ ಇಲ್ಲಿ ಮಾತ್ರ.

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(6)ರ ವಿನಾಯಿತಿ ಕೇಳಿ ಅನ್ನುವ ಸಲಹೆ ಕೆಲಸಕ್ಕೆ ಬರಲಿಲ್ಲ, ಅದು ಭಾರತದ ಪ್ರಜೆಗಳಲ್ಲದವರಿಗೆ. ಕಾನ್ಸುಲೇಟ್ ಸಿಬ್ಬಂದಿಯ ಸವಲತ್ತುಗಳ ಬಗೆಗಿನ ವಿಯೆನ್ನಾ ಒಪ್ಪಂದದ ದಾರಿಯೂ ಹಾಗೇ ಮುಚ್ಚಿತು.

ಪೇಸ್ಲಿಪ್‌ಗಳನ್ನೇ ಕೂಡಿಸಿ ಸಂಬಳದ ತಲೆಬರಹದಲ್ಲೇ ತೋರಿಸಿದೆ. ಹೊಸ ತೆರಿಗೆ ಪದ್ಧತಿಯ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಿಂದ ಕಳೆಯುವ ನಿಗದಿತ ಮೊತ್ತ) ನಮಗೂ ಸಿಗುತ್ತದೆ! ಬಾಕಿ ತೆರಿಗೆಯನ್ನು ಆದಾಯ ತೆರಿಗೆ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ (ನಾವೇ ಲೆಕ್ಕ ಹಾಕಿ ಕಟ್ಟುವುದು) ಅಂತ, ಕೋಡ್ 300ರಲ್ಲಿ ಕಟ್ಟಿದೆ.

ನನಗೆ ಗೊತ್ತೇ ಇಲ್ಲದಿದ್ದ ವಿಷಯ ಮುಂಗಡ ತೆರಿಗೆ. ವರ್ಷದ ತೆರಿಗೆ ಬಾಕಿ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಂಬಳದಾರರೂ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಕಂತಿನಲ್ಲಿ ಕಟ್ಟಬೇಕು. ಇಲ್ಲದಿದ್ದರೆ ಬಡ್ಡಿ (1961ರ ಕಾಯ್ದೆಯಲ್ಲಿ ಕಲಂ 234ಬಿ, 234ಸಿ). ಬಡ್ಡಿ ಕಟ್ಟಿದ್ದೇನೆ. ಈ ವರ್ಷದ ಮೊದಲ ಕಂತು ಕೋಡ್ 100ರಲ್ಲಿ ಹೋಗಿದೆ.